ಹೊಸದನ್ನು ಮೊದಲು ಹಾಕಿಸಿಕೊಂಡ ಮೇಡಂ

ಮೇಡಂ ತೀರಿಕೊಂಡ ಮೇಲೆ ಹುಣಸೂರಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಊರಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರೊಬ್ಬರು ಮೈಕಿನ ಮುಂದೆ ನಿಂತು ಹೇಳಿದರು: "ನಮ್ಮ ಹುಡುಗರಿಗೆ ನಾನು ಯಾವಾಗ್ಲೂ ಹೇಳ್ತೀನಿ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದ ಕೂಡ್ಲೆ ಹಾಕಿಸ್ಕೋಬೇಡಿ, ನಮ್ಮ ಮೇಡಮ್ಮನ್ನ ನೆನೆಸ್ಕೊಳ್ಳಿ ಅಂತ. ಪಾಪ, ಆತುರಪಟ್ಟು ಹಾಕಿಸ್ಕೊಂಡ್ರು, ಪುಸ್ತಕಾನೇ ಹೊರಟೋಯ್ತು."

ಸಭೆ ಸಣ್ಣಗೆ ನಕ್ಕಿತು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ. ಆದರೂ ನಾನು ಎದ್ದು ನಿಂತೆ. ಅಷ್ಟರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವರು 'ಈಗ ಪುಷ್ಪನಮನ' ಅಂದುಬಿಟ್ಟರು, ಎಲ್ಲರೂ ಹೂವಿನ ತಟ್ಟೆಯ ಕಡೆಗೆ ಹೊರಟರು. ಆವತ್ತು ಹೇಳಬೇಕೆಂದಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಅವರು ಕೊಟ್ಟ ಸಲಹೆ ತಪ್ಪಲ್ಲ. ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು ಮಾಡಿಕೊಂಡು ಬದುಕಿದವನು ನಾನು. ಹೊಸದನ್ನು ಬಂದ ಬಂದ ಹಾಗೆ ಹಾಕಿಸಿದರೆ ಏನಾಗುತ್ತದೆಂದು ಬಲ್ಲೆ. ಪ್ರಿಂಟರ್ ಮಾತು ಕೇಳುವುದಿಲ್ಲ. ಹಳೆಯ ಕಡತ ತೆರೆದುಕೊಳ್ಳುವುದಿಲ್ಲ. ಆ ಕಾಲದಲ್ಲಿ ಕನ್ನಡದ ತಂತ್ರಾಂಶ ಓಡಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಬೆರಳುದ್ದದ ಒಂದು ಲಾಕ್ ಸಿಕ್ಕಿಸಬೇಕಿತ್ತು. ಹೊಸ ಸಿಸ್ಟಮ್ ಆ ಲಾಕನ್ನು ಗುರುತೇ ಹಿಡಿಯುತ್ತಿರಲಿಲ್ಲ. ಮದುವೆ ಹತ್ತಿರ ಬಂದ ಹೆಣ್ಣಿನ ತಂದೆ ಎದುರಿಗೆ ಕೂತಿರುತ್ತಾನೆ, ಪರದೆಯ ಮೇಲೆ ವಧೂವರರ ಹೆಸರಿರಬೇಕಾದ ಕಡೆ ಖಾಲಿ ಡಬ್ಬಿಗಳ ಸಾಲು ನಿಂತಿರುತ್ತದೆ. ಕಾಯಿರಿ ಅಂತ ನಾನೂ ಎಲ್ಲರಿಗೂ ಹೇಳುತ್ತೇನೆ. ಮೇಡಂಗೂ ಹೇಳಿದ್ದೆ. ನನ್ನ ತಕರಾರು ಸಲಹೆಯ ಮೇಲಲ್ಲ. ಅವರನ್ನು ಆತುರದವರು ಅಂದರಲ್ಲ, ಅದರ ಮೇಲೆ.

ಬಿಳಿಕೆರೆಯ ಹೈಸ್ಕೂಲಿನಲ್ಲಿ ಅವರು ನಮಗೆ ಕನ್ನಡ ಪಾಠ ಮಾಡುತ್ತಿದ್ದರು. ಹುಟ್ಟಿದ್ದು ಮಿರ್ಲೆಯಲ್ಲಿ, ನಾಲೆ ನೀರಿನ ಗದ್ದೆಯೂ ಮಳೆ ನಂಬಿದ ಹೊಲವೂ ಇದ್ದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಬಿಳಿಕೆರೆ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಗೆ. ಎತ್ತರದ ಆಳು. ಗಂಡಸರ ಕೈಗಡಿಯಾರ ಕಟ್ಟುತ್ತಿದ್ದರು. ಹೊಸ ಮಾತೊಂದು ಕಿವಿಗೆ ಬಿದ್ದರೆ ಎಲ್ಲಿದ್ದರೆ ಅಲ್ಲೇ ನಿಂತು ಅದನ್ನು ತುಟಿಯಲ್ಲೇ ಎರಡು ಮೂರು ಸಲ ಹೇಳಿಕೊಳ್ಳುವರು, ಸಾರಿನ ಉಪ್ಪು ಹುಳಿ ನೋಡುವವರ ಹಾಗೆ.

ಒಮ್ಮೆ ಪ್ರಬಂಧದಲ್ಲಿ ನಾನು 'ಒತ್ತಾರೆ ಎದ್ದು ಅಪ್ಪನ ಜತೆ ಒಲಕ್ಕೆ ಓದೆ' ಎಂದು ಬರೆದಿದ್ದೆ. ಹಿಂದಿನ ವರ್ಷದ ಮೇಷ್ಟ್ರಾಗಿದ್ದರೆ ಅದಕ್ಕೆ ಬೆರಳ ಗಿಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಮೇಡಂ ಅದನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ 'ಹೊತ್ತಾರೆ, ಹೊಲ, ಹೋದೆ' ಎಂದು ಬರೆದು, ನನ್ನನ್ನು ಕರೆದು ತೋರಿಸಿದರು.

"ಇದು ಪರೀಕ್ಷೆಗೆ, ಅದು ಮನೆಗೆ. ಎರಡೂ ನಿಂದೇ ಕಣೋ, ಯಾವುದನ್ನೂ ಬಿಡಬೇಡ."

ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದೇ ಪುಸ್ತಕ ತೆಗೆದು ನೋಡಿ, "ಏನಮ್ಮಾ, ಮಕ್ಕಳ ಭಾಷೆ ತಿದ್ದೋದಿಲ್ವಾ ನೀವು?" ಎಂದು ಕೇಳಿದರು.

"ತಿದ್ದಿದ್ದೀನಲ್ಲ ಸಾರ್, ಪಕ್ಕದಲ್ಲೇ ಇದೆ. ಅವನ ಮನೆ ಮಾತನ್ನ ಅಳಿಸಿಲ್ಲ, ಅಷ್ಟೇ," ಅಂದರು ಮೇಡಂ. ಅಧಿಕಾರಿ ಮುಂದಿನ ಪುಟ ತಿರುವಿದರು. ನಮಗೆ ಅಂದಿನಿಂದ ಮೇಡಂ ಅಂದರೆ ಒಂದು ಧೈರ್ಯ.

ವರ್ಗವಾದ ಕಡೆಯಲ್ಲೆಲ್ಲ ಅವರು ಪದ ಕೂಡಿಸಿದರು. ಸರಗೂರಿನಲ್ಲಿ ಕಾಡಂಚಿನ ಊರುಗಳ ಮಾತು, ಕೆ.ಆರ್. ನಗರದಲ್ಲಿ ಗದ್ದೆ ಬಯಲಿನ ಮಾತು, ಪಿರಿಯಾಪಟ್ಟಣದಲ್ಲಿ ಕೊಡಗಿನ ಗಾಳಿ ಸೋಕಿದ ಮಾತು. ನಮ್ಮ ಹುಣಸೂರೂ ಸೇರಿ ಈ ನಾಲ್ಕು ತಾಲ್ಲೂಕಿನ ರೈತರ ಬಾಯಲ್ಲಿರುವ ಪದಗಳಿಗೆ ಒಂದು ನಿಘಂಟು ಮಾಡಬೇಕೆಂಬುದು ಅವರ ಹಟ. ಬಸ್ಸು ಹತ್ತಿದರೆ ಖಾಲಿ ಸೀಟು ಬಿಟ್ಟು ಮುದುಕಿಯರ ಪಕ್ಕ ಇಕ್ಕಟ್ಟಿನಲ್ಲಿ ಕೂರುವರು. ಸೊಪ್ಪಿನ ಕಂತೆಗೆ ಏನಂತೀರಿ, ಕೆಚ್ಚಲು ಬಾತರೆ ಏನಂತೀರಿ ಎಂದು ಶುರುಮಾಡಿದರೆ ಮುದುಕಿ ಇಳಿಯಬೇಕಾದ ಊರು ದಾಟಿಹೋಗಿರುತ್ತಿತ್ತು. ಪದವನ್ನು ಟಿಕೆಟ್ಟಿನ ಬೆನ್ನ ಮೇಲೆ ಬರೆದು ಚೀಲಕ್ಕೆ ಹಾಕುವರು. ಅದು ಟೈಪಾದ ಮೇಲೆ ಚೀಟಿಗಳೆಲ್ಲ ಅವರ ಮನೆಯ ಬಚ್ಚಲ ಒಲೆಗೆ ಹೋಗುತ್ತಿದ್ದವು. "ಕಂಪ್ಯೂಟರ್‌ನಾಗೆ ಐತಲ್ಲ, ಇನ್ನು ಇದ್ಯಾಕೆ, ಜಿರಳೆಗಾ?" ಅನ್ನುತ್ತಿದ್ದರು.

ನಿಘಂಟಿನ ಸ್ವರಭಾಗ, ಅಂದರೆ ಅ ಇಂದ ಔ ವರೆಗೆ, ನನ್ನ ಅಂಗಡಿಯಲ್ಲೇ ಟೈಪಾಯಿತು. ಅದು ಅಸಾಧ್ಯ ಉದ್ದವಾಯಿತು, ಅದಕ್ಕೊಂದು ಕಾರಣವಿತ್ತು. ನಮ್ಮ ಕಡೆ ಜನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಿಟ್ಟು ಇಟ್ಟು, ಹುಲ್ಲು ಉಲ್ಲು, ಹೊಲ ಒಲ. ಮೇಡಂ ಇವನ್ನೆಲ್ಲ ಸ್ವರಗಳ ಕೆಳಗೇ ಹಾಕಿಸಿದರು. ಮೈಸೂರಿನ ವಿದ್ವಾಂಸರೊಬ್ಬರು ಕರಡು ನೋಡಿ, ಇವೆಲ್ಲ 'ಹ' ಅಕ್ಷರಕ್ಕೆ ಹೋಗಬೇಕು, ಇಲ್ಲದಿದ್ದರೆ ಪಂಡಿತರು ಒಪ್ಪುವುದಿಲ್ಲ ಎಂದು ಹೇಳಿ ಕಳಿಸಿದರು.

"ಅವರ ಬಾಯಲ್ಲಿ ಇಲ್ಲದ ಹಕಾರಾನ ನಾನ್ಯಾಕೆ ತುರುಕಲಿ? ಪಂಡಿತರು ಒಪ್ಪದಿದ್ರೆ ಇಟ್ಟು ಉಣ್ಣೋದು ನಿಲ್ಲುತ್ತಾ?" ಅಂದರು ಮೇಡಂ. ಒಂದು ಪದವೂ ಜಾಗ ಬದಲಿಸಲಿಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಹೊಸ ಪದ ಸಿಕ್ಕಿದಾಗಲೆಲ್ಲ ಅದನ್ನು ಅಕಾರಾದಿಯಲ್ಲಿ ಸರಿಯಾದ ಜಾಗ ಹುಡುಕಿ ಕೈಯಾರೆ ಸೇರಿಸಬೇಕಿತ್ತು. ಅರ್ಧ ಸಮಯ ಇದಕ್ಕೇ ಹೋಗುತ್ತಿತ್ತು. ಒಂದು ದಿನ ಮೇಡಂ ಕೇಳಿದರು, "ಇಂಗ್ಲಿಷ್ ಪದ ಆದ್ರೆ ಒಂದು ಗುಂಡಿ ಒತ್ತಿದ್ರೆ ತಾವೇ ಸಾಲಾಗಿ ನಿಂತ್ಕೊಳ್ತಾವಂತಲ್ಲ, ನಮ್ಮವು ಯಾಕೆ ನಿಲ್ಲಲ್ಲ?"

ನಾನು ಒತ್ತಿ ತೋರಿಸಿದೆ. ಪದಗಳು ಚೆಲ್ಲಾಪಿಲ್ಲಿಯಾದವು. ಒಲದ ಪಕ್ಕ ಅಕ್ಕಿ ಬಂತು, ಅದರ ಮೇಲೆ ಉಲ್ಲು. ಆಗ ವಿವರಿಸಿದೆ: ಪರದೆಯ ಮೇಲೆ ನಮಗೆ ಕಾಣುವುದು 'ಅ'. ಯಂತ್ರದ ಹೊಟ್ಟೆಯಲ್ಲಿ ಅದು ಇಂಗ್ಲಿಷಿನ ಒಂದು ಅಕ್ಷರವೇ, ಅದಕ್ಕೆ ಕನ್ನಡದ ಚಿತ್ರ ಹೊದಿಸಿದ್ದಾರೆ ಅಷ್ಟೇ. ಸಾಲು ನಿಲ್ಲಿಸುವಾಗ ಯಂತ್ರ ಆ ಇಂಗ್ಲಿಷನ್ನು ನೋಡುತ್ತದೆ.

ಮೇಡಂ ಪರದೆಯ ಮೇಲಿನ 'ಅ' ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಹೇಳಿದರು, "ಅಂದ್ರೆ ಇಷ್ಟು ದಿನ ನಾನು ಬರೆಸಿದ್ದು ಕನ್ನಡಾನೇ ಅಲ್ಲ. ವೇಷ."

ಅದಾದ ಮೇಲೆ ಅವರೇ ಟೈಪಿಂಗ್ ಕಲಿತರು, ಮನೆಗೆ ಕಂಪ್ಯೂಟರ್ ತಂದರು. ವ್ಯಂಜನಭಾಗವನ್ನೆಲ್ಲ ಮನೆಯಲ್ಲೇ ಹಳೆಯ ತಂತ್ರಾಂಶದಲ್ಲಿ ಟೈಪ್ ಮಾಡಿಕೊಂಡರು. ಅದು ಮುಗಿಯುತ್ತ ಬಂದಿದ್ದಾಗ ಹೊಸ ಸಿಸ್ಟಮ್ ಬಂತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಮೈಸೂರಿನಲ್ಲಿ ಯಾವುದೋ ಕಮ್ಮಟಕ್ಕೆ ಹೋಗಿದ್ದ ಮೇಡಂ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು.

"ಹೊಸದ್ರಲ್ಲಿ ಕನ್ನಡ ಒಳಗೇ ಐತಂತೆ ಕಣೋ. ಅ ಅಂದ್ರೆ ಅ. ಚಿತ್ರ ಅಲ್ಲ, ಅಕ್ಷರ. ಒತ್ತಿದ್ರೆ ಸಾಲಾಗಿ ನಿಂತ್ಕೊಳ್ತಾವಂತೆ."

"ಇರ್ಬೋದು ಮೇಡಂ. ಆದ್ರೆ ಒಂದು ವರ್ಷ ತಡೀರಿ. ಹೊಸದ್ರಲ್ಲಿ ಏನೇನು ಹುಳುಕಿದಾವೋ ಬೇರೆಯೋರು ನೋಡ್ಲಿ. ನಿಮ್ಮ ಹಳೇ ಫೈಲು ಅದ್ರಲ್ಲಿ ಓದಕ್ಕೇ ಬರಲ್ಲ. ಲಾಕ್ ಕೆಲಸ ಮಾಡಲ್ಲ."

"ನಿಂಗೆ ಒಂದು ವರ್ಷ ಅಂದ್ರೆ ಬರೀ ಒಂದು ವರ್ಷ. ನಾನು ಪದ ಕೇಳೋರು ಎಂಬತ್ತು ದಾಟಿದೋರು. ನಾನು ಮನೇಲಿ ಕೂತು ಪದ ಜೋಡಿಸ್ತಾ ಇರೋ ಅಷ್ಟೊತ್ತಿಗೆ ಅಲ್ಲಿ ಒಂದೊಂದು ಬಾಯಿ ಮುಚ್ಕೊಳ್ತಾ ಐತೆ. ಜೋಡಿಸೋ ಕೆಲಸ ಯಂತ್ರ ಮಾಡಿದ್ರೆ ನಾನು ಊರಿಗೆ ಹೋಗ್ತೀನಿ."

"ಬೇರೆಯೋರು ಮೊದಲು ಹಾಕಿಸ್ಕೊಂಡು ನೋಡ್ಲಿ ಅಂದೆ ಅಷ್ಟೇ ಮೇಡಂ."

"ಆ ಬೇರೆಯೋರು ಯಾರು? ಎಲ್ಲಾರೂ ನಿನ್ನಂಗೆ ಕಾಯ್ತಾ ಕೂತ್ರೆ, ಇದ್ರಲ್ಲಿ ಕನ್ನಡ ನೆಟ್ಟಗಿಲ್ಲ ಅಂತ ಹೇಳೋರಾದ್ರೂ ಯಾರು?"

ಇದು ಆತುರದವರ ಮಾತೇ? ಅಪಾಯ ಗೊತ್ತಿತ್ತು, ಕಾರಣವೂ ಇತ್ತು. ಹಳೆಯ ಕೆಲಸವನ್ನೆಲ್ಲ ಫ್ಲಾಪಿಗಳಿಗೆ ತುಂಬಿಸಿ ಇಟ್ಟುಕೊಂಡೇ ಅವರು ಮೈಸೂರಿನಿಂದ ತಂತ್ರಜ್ಞನನ್ನು ಕರೆಸಿದ್ದು.

ಅವನು ಹಳೆಯದರ ಮೇಲೆಯೇ ಹೊಸದನ್ನು ಕೂರಿಸಲು ಹೊರಟ. ಅರ್ಧ ಆಗಿತ್ತು, ಕರೆಂಟು ಹೋಯಿತು. ಯುಪಿಎಸ್ಸು ಒಂದೆರಡು ಸಲ ಕುಯ್ಗುಟ್ಟಿ ಸುಮ್ಮನಾಯಿತು. ಕರೆಂಟು ಬಂದ ಮೇಲೆ ಕಂಪ್ಯೂಟರ್ ಏಳಲೇ ಇಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ ಅಂದ ಅವನು. ಫ್ಲಾಪಿ ಇವೆಯಲ್ಲ ಎಂಬ ಧೈರ್ಯದಲ್ಲಿ ಮೇಡಂ ಹೂಂ ಅಂದರು. ಹೊಸದು ಬಂದು ಕೂತಿತು. ಆಮೇಲೆ ಫ್ಲಾಪಿ ಹಾಕಿದರೆ ಕಟಕಟ ಎಂಬ ಸದ್ದು. ಒಂದಾದ ಮೇಲೊಂದು ಹಾಕಿದರು, ಅದೇ ಸದ್ದು. ಮಾರನೆಯ ದಿನ ನಾನು ಅವನ್ನು ಅಂಗಡಿಗೆ ತಂದು ನನ್ನ ಯಂತ್ರದಲ್ಲೂ ಹಾಕಿ ನೋಡಿದೆ. ಓದಲು ಬಂದದ್ದು ಬೆರಳೆಣಿಕೆಯ ಪುಟ. ಚೀಟಿಗಳು ಎಂದೋ ಬಚ್ಚಲ ಒಲೆಯಲ್ಲಿ ಬೂದಿಯಾಗಿದ್ದವು. ಉಳಿದದ್ದು ನನ್ನ ಅಂಗಡಿಯಲ್ಲಿದ್ದ ಸ್ವರಭಾಗ ಮಾತ್ರ.

ಅದನ್ನು ಹೇಳುವುದಕ್ಕೆ ಅವರ ಮನೆಗೆ ಹೋದೆ. ಮೇಡಂ ಜಗುಲಿಯಲ್ಲಿ ಕೂತಿದ್ದರು. ಅವರ ಯಜಮಾನರು ಅಂಗಳದಲ್ಲಿ, ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿ ತಂದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು.

"ಸ್ವರ ಒಂದು ಉಳ್ಕೊಂಡಿದೆ ಮೇಡಂ," ಅಂದೆ.

ಅವರು ನನ್ನ ಮುಖ ನೋಡಿದರು. "ಸ್ವರ ಉಳ್ಕೊಂಡಿದಾವಲ್ಲ. ಅಳೋಕೆ ಅಷ್ಟು ಸಾಕು ಬುಡು."

ಹೇಳಿದ ಮೇಲೆ ಅವರಿಗೇ ನಗು ಬಂತು. ಹಕಾರ ಬಿಟ್ಟ ಪದಗಳನ್ನು ಪಂಡಿತರ ಮಾತು ಕೇಳಿ 'ಹ' ಅಕ್ಷರಕ್ಕೆ ಕಳಿಸಿದ್ದರೆ ಅವೂ ವ್ಯಂಜನದ ಜತೆ ಹೋಗಿರುತ್ತಿದ್ದವು. ಸ್ವರಗಳ ಮನೆಯಲ್ಲಿದ್ದದ್ದರಿಂದ ಆಲು, ಇಟ್ಟು, ಉಲ್ಲು, ಒಲ ಎಲ್ಲ ಬದುಕಿಕೊಂಡಿದ್ದವು.

ಯಜಮಾನರು ಸೊಪ್ಪಿನಿಂದ ತಲೆಯೆತ್ತದೆ ಕೇಳಿದರು, "ಈಗೇನ್ ಮಾಡೀಯೆ?"

"ಮತ್ತೆ ಹೋಗ್ತೀನಿ."

"ಓಗು ಮತ್ತೆ. ಒಂದು ವರ್ಸ ಮಳೆ ಕೈ ಕೊಡ್ತು ಅಂತ ನಾನೇನ್ ಒಲ ಮಾರ್ಬುಟ್ನಾ?"

ಆ ಮನೆಯಲ್ಲಿ ಇದರ ಬಗ್ಗೆ ಆದ ಚರ್ಚೆ ಅಷ್ಟೇ. ಊರಿನಲ್ಲಿ ಮಾತ್ರ ಬಹಳ ಆಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ಸೀರೆ ಉಟ್ಟು ಬಂದರೆ, "ಹಳೇದು ಫ್ಲಾಪಿಗೆ ಹಾಕಿಟ್ಟಿದ್ದೀರಾ?" ಎಂದು ನಗುವುದು ರೂಢಿಯಾಯಿತು. ಮೇಡಂ ಎದುರಿಗೇ ಅಂದರೂ ಅವರು ಮುಖ ಕೆಡಿಸಿಕೊಳ್ಳಲಿಲ್ಲ. "ಹಾಕಿಡಿ, ಆದ್ರೆ ಎರಡು ಕಡೆ ಹಾಕಿಡಿ. ನನಗೆ ಆ ಬುದ್ಧಿ ಆಮೇಲೆ ಬಂತು," ಅನ್ನುವರು.

ಹೊಸ ಸಿಸ್ಟಮ್ಮನ್ನು ತೆಗೆಸಿ ಹಳೆಯದಕ್ಕೆ ಮರಳಿ ಎಂದು ನಾನು ಹೇಳಿ ನೋಡಿದೆ. ಒಪ್ಪಲಿಲ್ಲ. ನಿವೃತ್ತಿ ಹತ್ತಿರವಿತ್ತು, ಆದಮೇಲೆ ದಿನವೆಲ್ಲ ಬಸ್ಸಿನಲ್ಲೇ. ಮೊದಲ ಸಲ ಪದ ಕೊಟ್ಟವರ ಮನೆಗಳಿಗೇ ಮತ್ತೆ ಹೋದರು. ಸರಗೂರಿಗೆ ಒಮ್ಮೆ ನಾನೂ ಜತೆಯಲ್ಲಿದ್ದೆ. ಅಲ್ಲಿಂದ ಒಳಗೆ ಒಂದು ಹಳ್ಳಿಯಲ್ಲಿ ರಾಗಿ ಕೇರುತ್ತ ಕೂತಿದ್ದ ಅಜ್ಜಿಯೊಬ್ಬರು ಮೇಡಂ ಅವರನ್ನು ಗುರುತು ಹಿಡಿದರು.

"ಆವತ್ತೆಲ್ಲಾ ಏಳಿದ್ನಲ್ಲವ್ವ. ನೀನು ಬರ್ಕೊಂಡು ಓಗಿದ್ದೆ."

"ಕಳ್ಕೊಂಡೆ ಕಣಜ್ಜಿ. ಹೊಸ ಮಿಷನ್ ಹಾಕ್ಸಕ್ಕೆ ಹೋಗಿ ಎಲ್ಲಾ ಕಳ್ಕೊಂಡೆ."

ಅಜ್ಜಿ ಮೊರ ಕೆಳಗಿಟ್ಟರು. "ಕಳ್ಕೊಂಡ್ರೆ ಏನಾಯ್ತು? ಕುಂತ್ಕೊ, ಇನ್ನೊಂದ್ ಸಲ ಏಳ್ತೀನಿ. ಏಳಿದ್ರೆ ನನ್ನ ಬಾಯಾಗಿರೋದು ಕಮ್ಮಿ ಆಯ್ತದಾ?"

ಅಂದು ಅಜ್ಜಿ ಮೊದಲ ಸಲಕ್ಕಿಂತ ಹೆಚ್ಚು ಹೇಳಿದರಂತೆ. ಮೊದಲ ಸಲ ಟೀಚರಮ್ಮನ ಎದುರಿಗೆ ನಾಚಿಕೆಪಟ್ಟು ನುಂಗಿಕೊಂಡಿದ್ದ ಬೈಗುಳ, ಬಾಣಂತಿಕೋಣೆಯ ಮಾತು, ಅತ್ತೆಸೊಸೆಯರ ಜಗಳದ ಮಾತು ಎಲ್ಲ ಈಗ ಬಂದವು. ಸೋತು ಬಂದವಳ ಹತ್ತಿರ ಜನ ಮನಸ್ಸು ಬಿಚ್ಚುತ್ತಾರೆ ಎಂದು ಮೇಡಂ ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೇಳಿದರು. ಈ ಸಲ ಪುಟ್ಟ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು, ಒಲೆಗೆ ಹಾಕುತ್ತಿರಲಿಲ್ಲ.

ಎಲ್ಲ ಕಡೆಯೂ ಹಾಗಾಗಲಿಲ್ಲ. ಮಿರ್ಲೆಯಲ್ಲಿ ಒಬ್ಬ ಹಿರಿಯರಿದ್ದರು, ಸಂತೆಗಳಲ್ಲಿ ದನದ ವ್ಯಾಪಾರ ಕುದುರಿಸುವ ದಲ್ಲಾಳಿ. ಮೇಡಂ ಅವರನ್ನು ಮಾವ ಅನ್ನುತ್ತಿದ್ದರು. ಎತ್ತಿನ ಮೈಮೇಲೆ ಕೂದಲು ತಿರುಗಿದ ಗುರುತಿಗೆ ಸುಳಿ ಅನ್ನುತ್ತಾರಲ್ಲ, ಯಾವ ಜಾಗದ ಸುಳಿಗೆ ಏನು ಹೆಸರು, ಯಾವುದಿದ್ದರೆ ಕೊಳ್ಳಬೇಕು, ಯಾವುದಿದ್ದರೆ ಹಗ್ಗ ಕೂಡ ಮುಟ್ಟಬಾರದು ಎಂದು ಅವರು ಮೊದಲ ಸಲ ಒಂದಿಡೀ ದಿನ ಹೇಳಿದ್ದರು. ಎರಡನೆಯ ಸಲ ಮೇಡಂ ಹೋದಾಗ ಆ ಮನೆಯಲ್ಲಿ ಅವರ ತಿಥಿ ನಡೆಯುತ್ತಿತ್ತು. ಎಲೆಯ ಮುಂದೆ ಕೂತು ಉಂಡು ಬಂದರು.

ಸಂಜೆ ನನ್ನ ಅಂಗಡಿಗೆ ಬಂದವರು ಸ್ಟೂಲಿನ ಮೇಲೆ ಕೂತೇ ಇದ್ದರು. ನೆನಪಿದ್ದ ಸುಳಿಗಳನ್ನು ಹೇಳಿಕೊಂಡರು. ನಾಗರಸುಳಿ, ಬಾಸಿಂಗದ ಸುಳಿ, ಇನ್ನೂ ಒಂದೆರಡು. ಅಲ್ಲಿಗೆ ನಿಂತರು.

"ತಲೇಲಿ ಇಟ್ಕೋಬೇಕಾಗಿತ್ತು. ಯಂತ್ರದಲ್ಲಿ ಇಟ್ಟೆ," ಅಂದರು. ಕಣ್ಣು ತುಂಬಿತ್ತು. "ಬೇರೆ ಎಲ್ಲಾದಕ್ಕೂ ನಾನು ಜವಾಬು ಕೊಡ್ತೀನಿ ಕಣೋ. ನಗೋರಿಗೂ ಕೊಡ್ತೀನಿ. ಮಾವನಿಗೆ ಏನು ಕೊಡಲಿ?"

ನಾನು ಟೀ ತರಿಸಿದೆ. ಕುಡಿಯದೆ ಹೋದರು. ಆದರೆ ಆ ವಾರವೇ ಪಿರಿಯಾಪಟ್ಟಣದ ಬಸ್ಸಿನಲ್ಲಿ ಯಾರೋ ಅವರನ್ನು ನೋಡಿದ್ದರು, ಒಬ್ಬ ಮುದುಕನ ಪಕ್ಕ.

ಉಳಿದಿದ್ದ ಸ್ವರಭಾಗವನ್ನೂ ಹೊಸದಾಗಿ ತಂದ ಪದಗಳನ್ನೂ ಅವರು ಹೊಸ ಸಿಸ್ಟಮ್ಮಿನಲ್ಲೇ ಟೈಪ್ ಮಾಡುತ್ತಿದ್ದರು, ಅದೂ ಅವರನ್ನು ಸುಲಭಕ್ಕೆ ಬಿಡಲಿಲ್ಲ. ಅಕಾರಾದಿ ತಾನಾಗಿ ಬರುತ್ತಿತ್ತು, ನಿಜ. ಮೊದಲ ಸಲ ಗುಂಡಿ ಒತ್ತಿ ಪದಗಳು ಸಾಲಾಗಿ ನಿಂತಾಗ ಮೇಡಂ ನನಗೆ ಫೋನ್ ಮಾಡಿ, "ಬಂದು ನೋಡೋ, ಪ್ರಾರ್ಥನೆಗೆ ನಿಂತಂಗೆ ನಿಂತವೆ," ಅಂದಿದ್ದರು. ಆದರೆ ಕೆಲವು ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ರಕಾರದ ಒತ್ತು ಎಲ್ಲಿರಬೇಕೋ ಅಲ್ಲಿರುತ್ತಿರಲಿಲ್ಲ. ಪ್ರಿಂಟರ್ ಕನ್ನಡದ ಬದಲು ಡಬ್ಬಿಗಳನ್ನು ಉಗುಳುತ್ತಿತ್ತು. "ಇವತ್ತು ಒತ್ತುಗಳು ಮುನಿಸ್ಕೊಂಡಿದಾವೆ," ಎಂದು ಫೋನ್ ಬರುವುದು. ಎಲ್ಲೆಲ್ಲಿ ತಪ್ಪಾಗುತ್ತಿದೆ ಎಂದು ಒಂದೊಂದನ್ನೂ ಗುರುತು ಮಾಡಿ, ಕನ್ನಡ ತಂತ್ರಾಂಶದ ಕೆಲಸ ಮಾಡುತ್ತಿದ್ದವರಿಗೆ ಬರೆದು ಕಳಿಸುವರು. ಅವರಲ್ಲಿ ಒಬ್ಬ ಯುವಕ ಮೈಸೂರಿನಿಂದ ಮನೆಗೇ ಬಂದು, ಪರದೆ ನೋಡಿ, ತಪ್ಪುಗಳನ್ನು ಬರೆದುಕೊಂಡು, ಉಪ್ಸಾರು ಉಂಡು ಹೋದ. ಕೆಲವು ಕಾಲದ ಮೇಲೆ ಬಂದ ತಿದ್ದುಪಡಿಯಲ್ಲಿ ಅವುಗಳಲ್ಲಿ ಹಲವು ಸರಿಹೋಗಿದ್ದವು.

ಪುಸ್ತಕ ಮುಗಿದಾಗ ಅದನ್ನು ಅಚ್ಚು ಹಾಕುವವರು ಸಿಗಲಿಲ್ಲ. ಮುದ್ರಣಾಲಯಗಳೆಲ್ಲ ಹಳೆಯ ತಂತ್ರಾಂಶದಲ್ಲೇ ಇದ್ದವು. ಮೈಸೂರಿನ ಪ್ರಕಾಶಕರೊಬ್ಬರು ಹಳೆಯ ಅಕ್ಷರಕ್ಕೆ ಬದಲಾಯಿಸಿ ಕೊಟ್ಟರೆ ತಕ್ಷಣ ತರುತ್ತೇನೆ ಅಂದರು. ಬದಲಾಯಿಸುವುದು ನನಗೆ ಒಂದು ವಾರದ ಕೆಲಸ.

"ಬೇಡ," ಅಂದರು ಮೇಡಂ.

"ಪುಸ್ತಕ ಹೊರಗೆ ಬಂದ್ರೆ ಸಾಕಲ್ವ ಮೇಡಂ? ಓದೋರಿಗೆ ಒಳಗಿಂದು ಎಲ್ಲಿ ಕಾಣುತ್ತೆ?"

"ನನಗೆ ಕಾಣುತ್ತಲ್ಲ. ಎರಡು ಸಲ ಊರೂರು ಅಲೆದು ತಂದಿರೋದನ್ನ ಮತ್ತೆ ವೇಷ ಹಾಕ್ಸಿ ಕಳಿಸಲ್ಲ. ಅವರು ಯಾವತ್ತು ಸಿದ್ಧ ಆಯ್ತಾರೋ ಆವತ್ತು ಬರ್ಲಿ. ಈಗ ಕಾಯೋದು ನನ್ನ ಸರದಿ."

ಕಾಯುವುದು ಅವರಿಗೆ ಬರುತ್ತಿರಲಿಲ್ಲ ಎನ್ನುವವರು ಈ ಮಾತು ಕೇಳಿಸಿಕೊಳ್ಳಲಿ. ವರ್ಷ ವರ್ಷ ಕಾದರು. ಆ ಕಾಲದಲ್ಲೇ ಅವರ ಆರೋಗ್ಯ ಕೆಟ್ಟಿತು, ಮೈಸೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಯಜಮಾನರು ನನ್ನ ಅಂಗಡಿಗೆ ಬಂದು, "ಅವಳ್ಗೆ ವಸಿ ನೀನಾದ್ರೂ ಏಳು, ಪುಸ್ತಕಾನ ಕಣ್ಣಾರೆ ನೋಡ್ಲಿ," ಎಂದು ಕೇಳಿಕೊಂಡರು. ಹೇಳಿದೆ. ಮೇಡಂ ಬೇಡವೆಂದು ತಲೆ ಅಲ್ಲಾಡಿಸಿದರು, ಅಷ್ಟೇ.

ಕೊನೆಗೆ ನಾನೇ ಅಂಗಡಿಯ ಯಂತ್ರಗಳನ್ನೆಲ್ಲ ಹೊಸದಕ್ಕೆ ಬದಲಾಯಿಸಿದೆ. ಅದು ಪಳಗಿದ ಮೇಲೆ, ಪ್ರಿಂಟರುಗಳು ಒಪ್ಪಿದ ಮೇಲೆ. ನಾನು ಕಾದೇ ಹಾಕಿಸಿದೆ, ಅದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ನನಗೆ ಒಂದು ದಿನದಲ್ಲಿ ಸಲೀಸಾದ ಕೆಲಸ ಯಾರ ಯಾರ ಮೈ ತರಚಿ ಸಲೀಸಾಯಿತು ಎಂಬುದು ಗೊತ್ತಿದೆ. ಸಭೆಯಲ್ಲಿ ನಕ್ಕವರ ಮನೆಯ ಕಂಪ್ಯೂಟರಿನಲ್ಲಿ ಇಂದು ಒತ್ತಕ್ಷರ ನೆಟ್ಟಗೆ ಕೂರುತ್ತಿದ್ದರೆ, ಅದಕ್ಕೆ ಮೊದಲು ಹಾಕಿಸಿಕೊಂಡು ಏಟು ತಿಂದ ಕೆಲವರು ಕಾರಣ. ಆ ಕೆಲವರಲ್ಲಿ ಒಬ್ಬರು ನಮ್ಮ ಊರಿನಲ್ಲಿದ್ದರು.

ಪುಸ್ತಕದ ಪುಟಗಳನ್ನು ನನ್ನ ಅಂಗಡಿಯಲ್ಲೇ ಕಟ್ಟಿದೆವು. ಸಕಾರಕ್ಕೆ ಬಂದಾಗ 'ಸುಳಿ' ಎಂಬ ಪದದ ಕೆಳಗೆ ಗೊತ್ತಿದ್ದ ಹೆಸರುಗಳನ್ನು ಹಾಕಿ, ಆಮೇಲೆ ಅರ್ಧ ಪುಟ ಖಾಲಿ ಬಿಡು ಅಂದರು ಮೇಡಂ.

"ಖಾಲಿ ಬಿಟ್ರೆ ಪ್ರಿಂಟ್ ಮಿಸ್ಟೇಕ್ ಅಂತಾರೆ ಮೇಡಂ. ನನ್ನ ಅಂಗಡಿ ಹೆಸರು ಕೆಡುತ್ತೆ."

"ಅದರ ಕೆಳಗೆ ಬರಿ, ಇಲ್ಲಿದ್ದ ಪದಗಳನ್ನು ಸಂಪಾದಕಿ ಕಳೆದಿದ್ದಾಳೆ, ಗೊತ್ತಿದ್ದವರು ಹೇಳಬೇಕು ಅಂತ. ನಿನ್ನ ಅಂಗಡಿ ವಿಳಾಸ ಹಾಕು. ನಾನು ಎಷ್ಟು ದಿನ ಇರ್ತೀನೋ."

ಬರೆದೆ. ಬೇರೆ ಪದ ತುಂಬಿ, ಸಾಲುಗಳನ್ನು ಮೇಲಕ್ಕೆ ಎಳೆದು ಆ ಜಾಗ ಮುಚ್ಚುವುದು ನನಗೆ ನಿಮಿಷದ ಕೆಲಸವಾಗಿತ್ತು. ಪುಸ್ತಕ ಬಂದಾಗ ಮೇಡಂ ಮಂಚದ ಮೇಲೆ ದಿಂಬಿಗೊರಗಿ ಕೂತು ಮೊದಲು ತೆರೆದದ್ದು ಆ ಪುಟವನ್ನೇ. ಅದರ ಮೇಲೆ ಅಂಗೈ ಇಟ್ಟು ಒಂದಷ್ಟು ಹೊತ್ತು ಇದ್ದರು. ಬಿಡುಗಡೆ ಸಮಾರಂಭ ಬೇಡ ಅಂದರು. ಪದ ಕೊಟ್ಟವರ ಮನೆಗಳಿಗೆ ಒಂದೊಂದು ಪ್ರತಿ ತಲುಪಿಸುವ ಕೆಲಸ ಯಜಮಾನರ ಪಾಲಿಗೆ ಬಂತು. ಆ ಚಳಿಗಾಲ ಕಳೆಯುವುದರೊಳಗೆ ಮೇಡಂ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಆಗಿ ಸ್ವಲ್ಪ ದಿನಕ್ಕೆ ಕೆ.ಆರ್. ನಗರದ ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪುಸ್ತಕ. ಖಾಲಿ ಪುಟಕ್ಕೆ ಬೆರಳು ಸಿಕ್ಕಿಸಿಕೊಂಡೇ ಬಂದಿದ್ದರು.

"ಗೊತ್ತಿದ್ದೋರು ಏಳ್ಬೇಕು ಅಂತ ಆಕಿದ್ದೀರಲ್ಲ, ಅದು ನಿಜವಾ?"

"ನಿಜ. ಕೂತ್ಕೊಳ್ಳಿ."

ಅವರು ಕೂರಲಿಲ್ಲ. "ಬರ್ಕೊಳಿ. ಕೊಡೆಸುಳಿ. ಎತ್ತಿನ ಬೆನ್ನ ಮ್ಯಾಲೆ, ಇಣಿಲಿಂದ, ಅದೇ ಡುಬ್ಬದಿಂದ, ವಸಿ ಇಂದಕ್ಕೆ ಇರ್ತದೆ. ಅಂತಾ ಎತ್ತು ಮನೆಗೆ ನೆಳ್ಳು ಅಂತಿದ್ದ ನಮ್ಮಪ್ಪ."

ಟೈಪ್ ಮಾಡಿದೆ. ಪದ ಕೊಟ್ಟವರ ಹೆಸರು ಪಕ್ಕದಲ್ಲಿ ಹಾಕುವುದು ಮೇಡಂ ಇಟ್ಟುಕೊಂಡಿದ್ದ ಕ್ರಮ. ಹೆಸರು ಕೇಳಿದೆ.

"ನಂದ್ಯಾಕೆ, ನಮ್ಮಪ್ಪಂದು ಆಕಿ," ಎಂದು ತಂದೆಯ ಹೆಸರು ಹೇಳಿದರು. ಪರದೆಯ ಮೇಲೆ ಅದು ಮೂಡುವವರೆಗೆ ಬಗ್ಗಿ ನಿಂತು ನೋಡಿದರು. "ಸರಿಯಾಗದೆ," ಅಂದು ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮೆಟ್ಟಿಲಿಳಿಯುತ್ತ ತಿರುಗಿ, "ನಮ್ಮೂರಾಗೆ ಇನ್ನೊಬ್ಬ ಅವ್ನೆ, ಅವನ್ಗೂ ಒಂದೆರಡು ಗೊತ್ತು. ಕಳಿಸ್ತೀನಿ," ಅಂದರು.

ಪುಟ ತುಂಬುವುದಕ್ಕೆ ಇನ್ನೂ ಬಹಳ ಜಾಗವಿದೆ. ಅಂಗಡಿ ದಿನವೂ ತೆರೆದಿರುತ್ತದೆ.